ಛಾವಣಿಯ ಒಂದೇ ಫೋಟೋ

2025ರ ಜುಲೈ 14, ಸೋಮವಾರ. ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಫೀನಿಕ್ಸ್‌ನಲ್ಲಿರುವ ಕಾಕಾನ ಮಗನ ಮೆಸೇಜ್ ಬಂದಿತ್ತು. ಒಂದು ಫೋಟೋ, ಕೆಳಗೆ ಒಂದೇ ಸಾಲು. "ಅಣ್ಣಾ, ನಾವು ಹೋಗಿದ್ವಲ್ಲ ಆ ಲಾಡ್ಜ್, ಅದು ಸುಟ್ಟು ಹೋತು."

ಫೋಟೋದಲ್ಲಿ ಹೊಗೆ, ಕಲ್ಲಿನ ಗೋಡೆಗಳು, ಕಲ್ಲಿನ ಚಿಮಣಿಗಳು. ಗೋಡೆಗಳ ಮೇಲೆ ಏನೂ ಇಲ್ಲ, ಬರೀ ಆಕಾಶ. ಅದು ಯಾವ ಜಾಗ ಅಂತ ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಗೊತ್ತಾದ ಮೇಲೆ ಹಾಸಿಗೆಯಲ್ಲೇ ಕೂತುಬಿಟ್ಟೆ.

ಅಪ್ಪ ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದರು. ನನ್ನ ಮುಖ ನೋಡಿ, "ಯಾಕೋ ತಮ್ಮಾ, ಯಾರಿಗೇನಾತು?" ಅಂದರು. ಯಾರಿಗೂ ಏನೂ ಆಗಿಲ್ಲ, ಅಮೆರಿಕಾದಲ್ಲಿ ಒಂದು ಕಟ್ಟಡ ಸುಟ್ಟಿದೆ ಅಂತ ಹೇಳಿ ಮೊಬೈಲ್ ಕೊಟ್ಟೆ. ಅಪ್ಪ ಕನ್ನಡಕ ಏರಿಸಿ, ಬೆರಳಿನಿಂದ ಫೋಟೋ ದೊಡ್ಡದು ಮಾಡಿ ತುಂಬಾ ಹೊತ್ತು ನೋಡಿದರು. ಆಮೇಲೆ ಹೇಳಿದ್ದು ಇಷ್ಟು. "ಗ್ವಾಡಿ ನಿಂತಾವಲ್ಲೋ."

ನಮ್ಮಪ್ಪ ಗೌಂಡಿ. ಐವತ್ತು ವರ್ಷ ಕಲ್ಲು ಕಟ್ಟಿದ ಕೈ. ಅವರು ಮೊದಲು ಗೋಡೆಯನ್ನೇ ನೋಡಿದ್ದು ಸಹಜ. ನಾನು ಮಾತ್ರ ಅಲ್ಲಿಲ್ಲದ ಛಾವಣಿಯನ್ನೇ ನೋಡುತ್ತಿದ್ದೆ.

ಆ ಕಟ್ಟಡದ ಹೆಸರು ಗ್ರ್ಯಾಂಡ್ ಕ್ಯಾನಿಯನ್ ಲಾಡ್ಜ್. ಅರಿಜೋನಾ ರಾಜ್ಯದ ಗ್ರ್ಯಾಂಡ್ ಕ್ಯಾನಿಯನ್ ರಾಷ್ಟ್ರೀಯ ಉದ್ಯಾನದಲ್ಲಿ, ಕಣಿವೆಯ ಉತ್ತರದ ಅಂಚಿನಲ್ಲಿ ಇತ್ತು. ಗ್ರ್ಯಾಂಡ್ ಕ್ಯಾನಿಯನ್ ಅಂದರೆ ಎಲ್ಲರಿಗೂ ಗೊತ್ತು. ಆದರೆ ಹೋಗುವವರಲ್ಲಿ ಹೆಚ್ಚುಕಡಿಮೆ ಎಲ್ಲರೂ ದಕ್ಷಿಣದ ಅಂಚಿಗೆ ಹೋಗುತ್ತಾರೆ, ಉತ್ತರಕ್ಕೆ ಬರುವವರು ಹತ್ತರಲ್ಲಿ ಒಬ್ಬರು. ಕಾರಣ ಇದೆ. ಎರಡೂ ಅಂಚುಗಳ ನಡುವೆ ಹಕ್ಕಿ ಹಾರಿದರೆ 16 ಕಿಲೋಮೀಟರ್ ಅಷ್ಟೇ, ಎದುರಿನ ದಂಡೆ ಕಣ್ಣಿಗೆ ಕಾಣುತ್ತದೆ. ಕಾರಿನಲ್ಲಿ ಸುತ್ತಿ ಹೋಗಬೇಕಾದರೆ ಸುಮಾರು 340 ಕಿಲೋಮೀಟರ್. ನಡುವೆ ಒಂದು ಮೈಲಿ ಆಳದ ಕಣಿವೆ, ಅದರ ತಳದಲ್ಲಿ ಕೊಲೊರಾಡೋ ನದಿ.

ನಾವು ಹೋಗಿದ್ದು 2019ರ ಸೆಪ್ಟೆಂಬರ್ ಕೊನೆಯಲ್ಲಿ. ನಾನು, ನನ್ನ ಹೆಂಡತಿ, ಆಗ ಆರು ವರ್ಷದವಳಾಗಿದ್ದ ಮಗಳು, ಮತ್ತೆ ಕಾಕಾನ ಮಗ. "ಅಣ್ಣಾ, ಎಲ್ಲಾರೂ ದಕ್ಷಿಣಕ್ಕ ಹೋಗ್ತಾರ, ನಾವು ಉತ್ತರಕ್ಕ ಹೋಗೂಣು, ಅಲ್ಲಿ ಗದ್ದಲ ಇರೂದಿಲ್ಲ" ಅಂತ ಅವನೇ ಹಟ ಹಿಡಿದ. ಫೀನಿಕ್ಸ್‌ನಿಂದ ಸುಮಾರು 560 ಕಿಲೋಮೀಟರ್. ಫ್ಲ್ಯಾಗ್‌ಸ್ಟಾಫ್ ದಾಟಿದ ಮೇಲೆ ಕೆಂಪು ನೆಲ ಶುರುವಾಯಿತು. ಬಾದಾಮಿ ಕಡೆಯಿಂದ ಪಟ್ಟದಕಲ್ಲಿಗೆ ಹೋಗುವಾಗ ಕಾಣುವ ಗುಡ್ಡಗಳಿವೆಯಲ್ಲ, ಅದೇ ಬಣ್ಣ, ಆದರೆ ಕಣ್ಣು ಹರಿದಷ್ಟು ದೂರಕ್ಕೂ ಅದೇ. ನವಾಹೋ ಸೇತುವೆಯ ಹತ್ತಿರ ಇಳಿದು ನದಿ ನೋಡಿದೆವು. ಮುಂದೆ ಜೇಕಬ್ ಲೇಕ್ ಅನ್ನುವ ಜಾಗದಲ್ಲಿ ಎಡಕ್ಕೆ ತಿರುಗಿದರೆ ಕಾಡು. ಅಲ್ಲಿಂದ ಲಾಡ್ಜ್‌ವರೆಗೆ ಎಪ್ಪತ್ತು ಕಿಲೋಮೀಟರ್ ಕಾಡೇ ಕಾಡು, ನಡುನಡುವೆ ಅಗಲವಾದ ಹುಲ್ಲುಗಾವಲು. ಒಂದು ಕಡೆ ಕಾಡೆಮ್ಮೆಯಂಥ ಬೈಸನ್‌ಗಳ ಹಿಂಡು ಮೇಯುತ್ತಿತ್ತು. ಆಸ್ಪೆನ್ ಮರಗಳ ಎಲೆ ಆಗಷ್ಟೇ ಅರಿಶಿನದ ಬಣ್ಣಕ್ಕೆ ತಿರುಗಿದ್ದವು. ಮಗಳು ಕಿಟಕಿಯಿಂದ ಮುಖ ತೆಗೆಯಲೇ ಇಲ್ಲ.

ಈಗ ಆ ಕಟ್ಟಡದೊಳಗೆ ಹೋಗುವ ಬಗೆ ಹೇಳುತ್ತೇನೆ. ಇದನ್ನು ಸಾವಕಾಶವಾಗಿ ಹೇಳಬೇಕು, ಯಾಕಂದ್ರೆ ಕಟ್ಟಿದವರ ಜಾಣತನ ಎಲ್ಲಾ ಇದರಲ್ಲೇ ಇತ್ತು.

ಕಾರು ನಿಲ್ಲಿಸಿ ನಡೆದು ಬಂದರೆ ಮುಂದೆ ಕಾಣುವುದು ತಗ್ಗಾದ, ಅಗಲವಾದ ಒಂದು ಕಲ್ಲಿನ ಮನೆ. ದಪ್ಪ ಕಂಬಗಳು, ಇಳಿಜಾರು ಮಾಡು. ಅಬ್ಬರ ಏನಿಲ್ಲ. ಕಣಿವೆ ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ, ಕಟ್ಟಡ ಅಡ್ಡ ನಿಂತಿರುತ್ತದೆ. ಬಾಗಿಲು ದಾಟಿ ಒಳಗೆ ಹೋದರೆ ಹಜಾರ, ಸ್ವಲ್ಪ ಕತ್ತಲೆ, ತಂಪು, ಮರದ ವಾಸನೆ. ಇನ್ನು ನಾಲ್ಕು ಹೆಜ್ಜೆ ಮುಂದೆ ಹೋದರೆ ಮೆಟ್ಟಿಲು ಕೆಳಗಿಳಿಯುತ್ತವೆ. ಇಳಿಯುತ್ತಾ ತಲೆ ಎತ್ತಿದರೆ ಎದುರಿಗೆ ಆಳೆತ್ತರ ಮೀರಿದ ಕಿಟಕಿಗಳು, ಆ ಕಿಟಕಿಗಳ ತುಂಬಾ ಕಣಿವೆ. ಒಮ್ಮೆಲೇ. ಒಂದು ಕ್ಷಣದ ಹಿಂದೆ ನೀವು ಕತ್ತಲೆ ಕೋಣೆಯಲ್ಲಿದ್ದಿರಿ, ಈಗ ನಿಮ್ಮ ಕಾಲ ಬುಡದಿಂದ ನೆಲವೇ ಜಾರಿ ಕೆಳಗೆ ಹೋದ ಹಾಗೆ. ಅದಕ್ಕೆ ಸನ್ ರೂಮ್ ಅಂತ ಹೆಸರು. ಅಲ್ಲಿ ದೊಡ್ಡ ದೊಡ್ಡ ಚರ್ಮದ ಸೋಫಾಗಳಿದ್ದವು. ಜನ ಸುಮ್ನೆ ಕೂತಿದ್ದರು, ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ನನಗೆ ಆಗ ನೆನಪಾದದ್ದು ನಮ್ಮ ಹಳೇ ಮನೆಗಳ ತಲೆಬಾಗಿಲು. ಬಗ್ಗಿ ಒಳಗೆ ಹೋಗಬೇಕು, ಕತ್ತಲೆ ದಾಟಬೇಕು, ಆಮೇಲೆ ಬೆಳಕು ಸುರಿಯುವ ಅಂಗಳ. ಕಟ್ಟುವವನಿಗೆ ಕತ್ತಲೆಯೂ ಒಂದು ಸಾಮಾನು ಅಂತ ಅಪ್ಪ ಹೇಳುತ್ತಿದ್ದರು. ಅದರ ಅರ್ಥ ನನಗೆ ಪೂರ್ತಿ ಆಗಿದ್ದು ಆ ಮೆಟ್ಟಿಲ ಮೇಲೆ.

ಹೊರಗೆ ಎರಡೂ ಬದಿಗೆ ಕಲ್ಲು ಹಾಸಿದ ಕಟ್ಟೆಗಳು, ಕೂರಲು ಕುರ್ಚಿಗಳು. ಅವ್ವ ಕಟ್ಟಿಕೊಟ್ಟ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಅಲ್ಲೇ ತಿಂದೆವು. ಕತ್ತಲಾದ ಮೇಲೆ ಪೂರ್ವದ ಕಟ್ಟೆಯ ಕಲ್ಲಿನ ಒಲೆಗೆ ಬೆಂಕಿ ಹಾಕಿದರು. ಎದುರು ದಂಡೆಯಲ್ಲಿ, ದಕ್ಷಿಣದ ಅಂಚಿನ ದೀಪಗಳು ಸಣ್ಣಗೆ ಮಿನುಗುತ್ತಿದ್ದವು. 8 ಸಾವಿರ ಅಡಿಗಿಂತ ಎತ್ತರದ ಜಾಗ, ಗದಗುಟ್ಟುವ ಚಳಿ. ಮಗಳು ನನ್ನ ಶಾಲಿನೊಳಗೆ ಸೇರಿಕೊಂಡು ಅಲ್ಲೇ ನಿದ್ದೆ ಹೋದಳು. ನಾವು ಮಲಗಿದ್ದು ಹಿಂದಿನ ಮರದ ದಿಮ್ಮಿಯ ಪುಟ್ಟ ಕ್ಯಾಬಿನ್‌ನಲ್ಲಿ.

ಈ ಲಾಡ್ಜ್ ಕಟ್ಟಿಸಿದ್ದು ರೈಲಿನವರು. ಯೂನಿಯನ್ ಪೆಸಿಫಿಕ್ ರೈಲ್ವೆಯ ಒಂದು ಅಂಗಸಂಸ್ಥೆ ಇತ್ತು, ಯೂಟಾ ಪಾರ್ಕ್ಸ್ ಕಂಪನಿ ಅಂತ. ಜನರನ್ನು ಸೀಡರ್ ಸಿಟಿವರೆಗೆ ರೈಲಿನಲ್ಲಿ ತಂದು, ಅಲ್ಲಿಂದ ಬಸ್ಸಿನಲ್ಲಿ ಜಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನಿಯನ್ ಉದ್ಯಾನಗಳನ್ನು ಸುತ್ತಿಸುವುದು ಅವರ ವ್ಯಾಪಾರ. ಸುತ್ತುವವರಿಗೆ ಉಳಿಯಲು ಜಾಗ ಬೇಕಲ್ಲ. ಗಿಲ್ಬರ್ಟ್ ಸ್ಟ್ಯಾನ್ಲಿ ಅಂಡರ್‌ವುಡ್ ಅನ್ನುವ ವಾಸ್ತುಶಿಲ್ಪಿಯನ್ನು ಕರೆಸಿದರು. ಜಯಾನ್, ಬ್ರೈಸ್ ಎರಡರಲ್ಲೂ ಲಾಡ್ಜ್‌ಗಳ ನಕ್ಷೆ ಅವನದೇ. ಯೊಸೆಮಿಟಿಯಲ್ಲಿರುವ ಅವಾನಿ ಹೋಟೆಲ್ ಕೂಡ ಅವನದೇ. ಗ್ರ್ಯಾಂಡ್ ಕ್ಯಾನಿಯನ್ ಲಾಡ್ಜ್ 1928ರಲ್ಲಿ ತಯಾರಾಯಿತು. ಅತಿಥಿಗಳ ಬಸ್ಸು ಹೊರಡುವಾಗ ಅಲ್ಲಿ ಕೆಲಸಕ್ಕಿದ್ದ ಹುಡುಗ ಹುಡುಗಿಯರೆಲ್ಲಾ ಬಾಗಿಲ ಮುಂದೆ ಸಾಲಾಗಿ ನಿಂತು ಹಾಡು ಹಾಡಿ ಬೀಳ್ಕೊಡುತ್ತಿದ್ದರಂತೆ. ಅಡುಗೆಯವರು, ಬಡಿಸುವವರು, ಕೋಣೆ ಗುಡಿಸುವವರು, ಎಲ್ಲರೂ. ನನಗೆ ಇದು ತುಂಬಾ ಇಷ್ಟವಾದ ಸಂಗತಿ.

ಆಗಿನ ಪಾರ್ಕಿನ ಕಟ್ಟಡಗಳಿಗೆಲ್ಲಾ ಒಂದು ಧಾಟಿ ಇತ್ತು, ರಸ್ಟಿಕ್ ಶೈಲಿ ಅನ್ನುತ್ತಾರೆ. ಆ ಜಾಗದ ಕಲ್ಲು, ಆ ಜಾಗದ ಮರ, ಕೈಯಲ್ಲಿ ಕೆತ್ತಿದ ಗುರುತು ಉಳಿಯಬೇಕು, ಕಟ್ಟಡ ನೆಲದಿಂದ ಎದ್ದು ಬಂದ ಹಾಗೆ ಕಾಣಬೇಕು. ಇಲ್ಲಿ ಕಲ್ಲು ಅಂದರೆ ಕೈಬಾಬ್ ಸುಣ್ಣಕಲ್ಲು, ಕಣಿವೆಯ ಮೇಲಿನ ಅಂಚೇ ಆ ಕಲ್ಲಿನದು. ಮರ ಅಂದರೆ ಪಾಂಡೆರೋಸಾ ಪೈನ್, ಸುತ್ತಲಿನ ಕಾಡೇ ಅದು. ದೂರದಿಂದ ನೋಡಿದರೆ ಬಂಡೆ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರುವಾಯಿತು ಅಂತ ತಕ್ಷಣ ಗೊತ್ತಾಗುತ್ತಿರಲಿಲ್ಲ.

ಇದು ಸುಟ್ಟಿದ್ದು ಮೊದಲ ಸಲ ಏನಲ್ಲ. 1932ರ ಸೆಪ್ಟೆಂಬರ್ 1ರಂದು ಅಡುಗೆಮನೆ ಕಡೆಯಿಂದ ಬೆಂಕಿ ಎದ್ದು ಮುಖ್ಯ ಕಟ್ಟಡ ಪೂರ್ತಿ ಹೋಗಿತ್ತು. ಕಟ್ಟಿ ನಾಲ್ಕೇ ವರ್ಷ ಆಗಿತ್ತು. ಉಳಿದಿದ್ದು ಕಲ್ಲಿನ ಕೆಲಸ. 1936-37ರಲ್ಲಿ ಅದೇ ಅಡಿಪಾಯದ ಮೇಲೆ ಮತ್ತೆ ಎಬ್ಬಿಸಿದರು. ಮೊದಲಿದ್ದ ನೋಟದ ಗೋಪುರ ಈ ಸಲ ಬಿಟ್ಟರು, ಹಿಮ ಜಾರಿ ಬೀಳಲಿ ಅಂತ ಮಾಡಿನ ಇಳಿಜಾರು ಹೆಚ್ಚಿಸಿದರು. ಚಳಿಗಾಲದಲ್ಲಿ ಅಲ್ಲಿ ಹತ್ತು ಅಡಿಗೂ ಜಾಸ್ತಿ ಹಿಮ ಬೀಳುತ್ತದೆ, ರಸ್ತೆಯೇ ಮುಚ್ಚುತ್ತದೆ. ನಾವು ನೋಡಿದ್ದು ಈ ಎರಡನೇ ಕಟ್ಟಡ. 1987ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಅಂತ ಘೋಷಿಸಿದ್ದರು.

ಬೆಂಕಿಯ ಕಥೆ ಹೀಗೆ. 2025ರ ಜುಲೈ 4ರಂದು ಸಿಡಿಲು ಬಡಿದು ಕಾಡಿಗೆ ಕಿಡಿ ಬಿತ್ತು. ಡ್ರ್ಯಾಗನ್ ಬ್ರಾವೋ ಬೆಂಕಿ ಅಂತ ಅದಕ್ಕೆ ಹೆಸರಿಟ್ಟರು. ಪಾರ್ಕಿನವರು ಅದನ್ನು ತಕ್ಷಣ ಪೂರ್ತಿ ಆರಿಸಲು ಹೋಗಲಿಲ್ಲ. ಸುತ್ತ ಗೆರೆ ಹಾಕಿ, ಅದರೊಳಗೆ ಉರಿಯಲು ಬಿಟ್ಟು, ಕಾವಲು ಕಾಯುವ ದಾರಿ ಹಿಡಿದರು. ವಾರದ ಮೇಲೆ, ಜುಲೈ 11ಕ್ಕೆ, ಗಾಳಿ ಎದ್ದಿತು. ಬೆಂಕಿ ಗೆರೆ ಹಾರಿತು. 12ನೇ ತಾರೀಖು ನೀರು ಶುದ್ಧ ಮಾಡುವ ಘಟಕಕ್ಕೆ ಬೆಂಕಿ ತಗುಲಿ ಕ್ಲೋರಿನ್ ಅನಿಲ ಸೋರಿತು. ಕ್ಲೋರಿನ್ ಗಾಳಿಗಿಂತ ಭಾರ, ತಗ್ಗಿಗೆ ಇಳಿಯುತ್ತದೆ. ಹಾಗಾಗಿ ಬೆಂಕಿ ಆರಿಸುವವರನ್ನು ಹಿಂದಕ್ಕೆ ಕರೆಸಬೇಕಾಯಿತು, ಕಣಿವೆಯೊಳಗೆ ನಡೆಯುತ್ತಿದ್ದವರನ್ನೂ ಹೊರಗೆ ಕಳಿಸಬೇಕಾಯಿತು. ಆ ರಾತ್ರಿಯೇ ಲಾಡ್ಜ್ ಹೋಯಿತು. ಸುತ್ತಲಿನ ಕ್ಯಾಬಿನ್‌ಗಳು, ಸಿಬ್ಬಂದಿ ಮನೆಗಳು, ಕಚೇರಿಗಳು ಸೇರಿ 50ರಿಂದ 80 ಕಟ್ಟಡ ಹೋಗಿರಬಹುದು ಅಂತ ಮೊದಲ ಅಂದಾಜು ಬಂತು. ಜೇಕಬ್ ಲೇಕ್ ಹತ್ತಿರ ಹೊತ್ತಿದ್ದ ಇನ್ನೊಂದು ಬೆಂಕಿಯಿಂದಾಗಿ ಎರಡು ದಿನ ಮೊದಲೇ ಪ್ರವಾಸಿಗರನ್ನೆಲ್ಲಾ ಅಲ್ಲಿಂದ ಕಳಿಸಿದ್ದರು. ಒಂದು ಜೀವವೂ ಹೋಗಲಿಲ್ಲ. ದೇವರು ದೊಡ್ಡವನು. ಬೆಂಕಿ ಮಾತ್ರ ಸೆಪ್ಟೆಂಬರ್‌ವರೆಗೂ ಉರಿದು, ಸುಮಾರು 1 ಲಕ್ಷ 45 ಸಾವಿರ ಎಕರೆ ಕಾಡು ತಿಂದಿತು.

ಸಿಡಿಲಿನ ಬೆಂಕಿಯನ್ನು ಉರಿಯಲು ಯಾಕೆ ಬಿಟ್ಟರು ಅಂತ ಅಲ್ಲಿಯ ಜನ ಸಿಟ್ಟಾದರು. ಅರಿಜೋನಾದ ಗವರ್ನರ್ ಕೇಟಿ ಹಾಬ್ಸ್ ಸ್ವತಂತ್ರ ತನಿಖೆ ಆಗಬೇಕು ಅಂದರು. ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದಿದೆ, ಓದಿದಷ್ಟೂ ಮನಸ್ಸು ಎರಡೂ ಕಡೆ ಎಳೆಯಿತು. ಪಾಂಡೆರೋಸಾ ಕಾಡಿಗೆ ಸಣ್ಣ ಬೆಂಕಿ ಬೇಕು. ಹಿಂದೆ ಕೆಲವು ವರ್ಷಗಳಿಗೊಮ್ಮೆ ನೆಲಮಟ್ಟದಲ್ಲಿ ಬೆಂಕಿ ಹರಿದು, ಒಣಗಿದ ಎಲೆ ಕಡ್ಡಿ ಸುಟ್ಟು, ದೊಡ್ಡ ಮರಗಳನ್ನು ಹಾಗೇ ಬಿಟ್ಟು ಹೋಗುತ್ತಿತ್ತು. ಆ ಮರದ ತೊಗಟೆ ಅದಕ್ಕೆಂದೇ ದಪ್ಪ. ನೂರು ವರ್ಷ ಕಂಡ ಕಂಡ ಬೆಂಕಿಯನ್ನೆಲ್ಲಾ ಆರಿಸುತ್ತಾ ಬಂದಿದ್ದಕ್ಕೆ ಕಾಡಿನ ತಳದಲ್ಲಿ ಉರುವಲು ಗುಡ್ಡೆ ಬಿತ್ತು, ಈಗ ಹೊತ್ತಿದರೆ ಮರದ ತುದಿವರೆಗೆ ಹೊತ್ತುತ್ತದೆ. ಅದಕ್ಕೇ ಕೆಲವು ಬೆಂಕಿಗಳನ್ನು ಉರಿಯಲು ಬಿಡಬೇಕು ಅನ್ನುವ ಮಾತು ಸರಿಯಾದ ಮಾತು.

ಆದರೆ ರವದಿ ಸುಡುವವರನ್ನು ನೋಡಿ ಬೆಳೆದವನು ನಾನು. ಮುಧೋಳ, ಜಮಖಂಡಿ ಕಡೆ ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಗರಿಗೆ ರವದಿ ಅಂತಾರೆ. ಅದಕ್ಕೆ ಬೆಂಕಿ ಹಚ್ಚುವ ರೈತ ಮೊದಲು ಗಾಳಿ ನೋಡುತ್ತಾನೆ. ಬದುವಿನ ಪಕ್ಕದ ಪಟ್ಟಿ ಬಳಿಯುತ್ತಾನೆ, ಹಸಿ ಟೊಂಗೆ ಹಿಡಿದು ಇಬ್ಬರು ನಿಲ್ಲುತ್ತಾರೆ. ಇಷ್ಟೆಲ್ಲಾ ಮಾಡಿಯೂ ಒಂದು ಸುಳಿಗಾಳಿ ತಿರುಗಿದರೆ ಪಕ್ಕದವರ ನಿಂತ ಕಬ್ಬು ಕಣ್ಣೆದುರೇ ಹೋಗುತ್ತದೆ. ನನ್ನ ಸೋದರಮಾವನ ಎರಡು ಎಕರೆ ಹೀಗೇ ಹೋಗಿದೆ. ಅದಾದ ಮೇಲೆ ಅವರ ಮನೆಯಲ್ಲಿ ರವದಿ ಸುಡುವುದನ್ನೇ ಬಿಟ್ಟು ಅದನ್ನು ಸಾಲಿನಲ್ಲೇ ಕೊಳೆಸುತ್ತಾರೆ. ಹಾಗಾಗಿ ನನಗೆ ಅನ್ನಿಸುವುದು ಇಷ್ಟು. ಕಾಡಿಗೆ ಬೆಂಕಿ ಬೇಕಿರಬಹುದು. ಜುಲೈ ತಿಂಗಳು, ಮಳೆ ಇನ್ನೂ ಹಿಡಿದಿಲ್ಲ, ಕಾಡು ಒಣಗಿ ನಿಂತಿದೆ, ಮರದ ಮಾಡಿನ ಹಳೇ ಕಟ್ಟಡ ಹತ್ತಿರದಲ್ಲೇ ಇದೆ. ಅಂಥ ಹೊತ್ತಿನಲ್ಲಿ ಮೊದಲ ದಿನವೇ ಕೈಯಲ್ಲಿದ್ದ ಎಲ್ಲ ಬಲ ಹಾಕಿ ಆರಿಸಬೇಕಿತ್ತು. ಕಾಡನ್ನು ಸುಡಲು ಇನ್ನೊಂದು ಒಳ್ಳೇ ತಿಂಗಳು ಸಿಗುತ್ತಿತ್ತು.

ಅವತ್ತು ಸಂಜೆ ಅಪ್ಪ ತಾವಾಗಿಯೇ ಮತ್ತೆ ಮೊಬೈಲ್ ಕೇಳಿದರು. "ಆ ಕಲ್ಲು ಯಾವುದೋ?" ಅಂದರು. ಸುಣ್ಣಕಲ್ಲು ಅಂದೆ. ಅವರ ಮುಖ ಸ್ವಲ್ಪ ಬಾಡಿತು.

ಬಾಗಲಕೋಟೆಯವರಿಗೆ ಸುಣ್ಣಕಲ್ಲಿನ ಬಗ್ಗೆ ಯಾರೂ ಹೇಳಿಕೊಡಬೇಕಿಲ್ಲ. ಇಲ್ಲಿ ಸಿಮೆಂಟ್ ಕಾರ್ಖಾನೆ ಬಂದಿದ್ದೇ ಆ ಕಲ್ಲಿಗಾಗಿ. ಅಪ್ಪ ಹುಡುಗರಿದ್ದಾಗ ಭಟ್ಟಿಯಲ್ಲಿ ಸುಣ್ಣ ಸುಡುವ ಕೆಲಸಕ್ಕೂ ಹೋದವರು. "ಆ ಕಲ್ಲು ಬೆಂಕ್ಯಾಗ ಕುಂತ್ರ ಸುಣ್ಣ ಆಗ್ತೈತಿ ತಮ್ಮಾ. ಎಷ್ಟು ಹೊತ್ತು ಉರಿ ತಗೊಂಡೈತಿ ಅನ್ನೂದರ ಮ್ಯಾಲೆ ಐತಿ" ಅಂದರು. ಆಮೇಲೆ ಅವರು ಹೇಳಿದ್ದನ್ನೆಲ್ಲಾ ನಾನು ಬರೆದಿಟ್ಟುಕೊಂಡೆ. ಕಲ್ಲಿನ ಬಣ್ಣ ನೋಡಬೇಕಂತೆ, ಉರಿ ತಾಗಿದ ಕಡೆ ಕೆಂಪಾಗಿರುತ್ತದೆ. ಕೆಂಪಾದ ಮಾತ್ರಕ್ಕೆ ಕಲ್ಲು ಸತ್ತಿದೆ ಅಂತ ಅಲ್ಲ, ಒಳಗೆ ಎಷ್ಟು ಆಳ ಹೋಗಿದೆ ನೋಡಬೇಕು. ಬೆಳ್ಳಗೆ ಪುಡಿ ಉದುರಿದರೆ ಆ ಕಲ್ಲು ತೆಗೆಯಬೇಕು. ಒಂದೊಂದನ್ನೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ಠಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಬಿರುಕು. ಮೂಲೆಗಳನ್ನು ಮೊದಲು ನೋಡಬೇಕು, ಯಾಕಂದ್ರೆ ಮೂಲೆಗಲ್ಲು ಹೋದರೆ ಎರಡೂ ಗೋಡೆ ಹೋದವು. ಎಲ್ಲಕ್ಕಿಂತ ಮುಖ್ಯ, ಮಾಡು ಇಲ್ಲದ ಗೋಡೆಯ ತಲೆ ಮುಚ್ಚಬೇಕು. ತಲೆ ತೆರೆದಿದ್ದರೆ ನೀರು ನಡುವೆ ಇಳಿಯುತ್ತದೆ, ಗಾರೆ ತೊಳೆದು ಹೋಗುತ್ತದೆ. ಅಲ್ಲಿ ಹಿಮ ಬೀಳುತ್ತದೆ, ಬಿರುಕಿನೊಳಗೆ ಹೋದ ನೀರು ಗಟ್ಟಿಯಾಗಿ ಉಬ್ಬುತ್ತದೆ ಅಂತ ನಾನು ಹೇಳಿದೆ. ಅಪ್ಪ ಎದ್ದೇ ನಿಂತರು. "ಹಂಗಾರ ಚಳಿಗಾಲದೊಳಗ ಕಟ್ಟಿಗಿ ಆಸರ ಕೊಡಬೇಕು. ಯಾರರ ಹೇಳ್ಯಾರೇನು ಅವರಿಗೆ?"

ಎಪ್ಪತ್ನಾಲ್ಕು ವರ್ಷದ ಮನುಷ್ಯ, ನವನಗರದ ಮನೆಯ ಪಡಸಾಲೆಯಲ್ಲಿ ನಿಂತು, ತಾವು ಎಂದೂ ನೋಡದ ಒಂದು ಗೋಡೆಗಾಗಿ ಅಷ್ಟು ಕಳವಳಪಟ್ಟರು.

ನಾನು ಹುಡುಕಿ ಅವರಿಗೆ ಸ್ಪೆರ್ರಿ ಷಾಲೇ ಅನ್ನುವ ಜಾಗದ ಕಥೆ ಹೇಳಿದೆ. ಷಾಲೇ ಅಂದರೆ ಬೆಟ್ಟದ ಮೇಲೆ ಉಳಿದುಕೊಳ್ಳುವ ಮನೆ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದಲ್ಲಿ ಗ್ರೇಟ್ ನಾರ್ದರ್ನ್ ರೈಲ್ವೆಯವರು 1913ರ ಸುಮಾರಿಗೆ ಕಟ್ಟಿಸಿದ್ದು, ಅದೂ ಅಲ್ಲಿಯದೇ ಕಲ್ಲು, ಅಲ್ಲಿಯದೇ ಮರ. ರಸ್ತೆಯೇ ಇಲ್ಲ, ನಡೆದು ಅಥವಾ ಕುದುರೆ ಮೇಲೆ ಹತ್ತಬೇಕು. 2017ರ ಆಗಸ್ಟ್ 31ರಂದು ಕಾಡಿನ ಬೆಂಕಿಗೆ ಅದರ ಮಲಗುವ ಮನೆ ಸುಟ್ಟಿತು. ಕಲ್ಲಿನ ಗೋಡೆ ಮಾತ್ರ ನಿಂತವು. ಆ ಚಳಿಗಾಲದ ಹಿಮ ಬೀಳುವುದರೊಳಗೆ ಕೆಲಸಗಾರರು ಮೇಲೆ ಹೋಗಿ, ದೊಡ್ಡ ದೊಡ್ಡ ಮರದ ತೊಲೆಗಳಿಂದ ಗೋಡೆಗಳಿಗೆ ಒಳಗಿನಿಂದ ಆಸರೆ ಕೊಟ್ಟರು. ಗೋಡೆ ಚಳಿಗಾಲ ದಾಟಿತು. ಮುಂದಿನ ಎರಡು ಬೇಸಿಗೆಯಲ್ಲಿ ಅದೇ ಗೋಡೆಗಳ ನಡುವೆ ಮತ್ತೆ ಮನೆ ಎದ್ದಿತು, 2020ರಲ್ಲಿ ಜನ ಮತ್ತೆ ಅಲ್ಲಿ ಮಲಗಿದರು.

ಅಪ್ಪ ಇದನ್ನು ಎರಡು ಸಲ ಹೇಳಿಸಿಕೊಂಡರು. "ನೋಡು, ಗೌಂಡಿ ಅನ್ನಾಂವ ಎಲ್ಲಿದ್ರೂ ಒಂದ ಥರ ವಿಚಾರ ಮಾಡ್ತಾನ" ಅಂದರು.

ಅವರ ಈ ಕಳವಳ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಮ್ಮದು ಮುಳುಗಡೆ ಊರು. ಆಲಮಟ್ಟಿ ಆಣೆಕಟ್ಟಿನ ನೀರು 519.60 ಮೀಟರ್‌ಗೆ ನಿಂತರೆ ಹಿನ್ನೀರು ಘಟಪ್ರಭೆಯಗುಂಟ ಹಳೇ ಬಾಗಲಕೋಟೆಯ ಒಳಗೆ ಬರುತ್ತದೆ. ನಮ್ಮ ಓಣಿ ಹೋಯಿತು. ಹೋಗುವುದಕ್ಕೆ ಮೊದಲಿನ ಒಂದು ವರ್ಷ ಅಪ್ಪನಿಗೆ ಕೆಲಸವೋ ಕೆಲಸ. ಕಟ್ಟುವ ಕೆಲಸ ಅಲ್ಲ, ಬಿಚ್ಚುವ ಕೆಲಸ. ತಮ್ಮ ಅಪ್ಪ ಕಟ್ಟಿದ ಮನೆಗಳನ್ನೂ ತಾವೇ ಬಿಚ್ಚಿದರು. ಮಾಳಿಗೆಯ ಮಣ್ಣು ಎಳೆದು, ಜಂತಿ ಇಳಿಸಿ, ತೊಲೆ ಇಳಿಸಿ, ಕಂಬ ಕೀಳಬೇಕು. ಯಾವುದು ಮೊದಲು ತೆಗೆಯಬೇಕು ಅನ್ನುವುದು ತಪ್ಪಿದರೆ ಮೈಮೇಲೆ ಬೀಳುತ್ತದೆ. ಚೌಕಟ್ಟು, ಬಾಗಿಲು, ಕಂಬ, ಕಂಬದ ಕೆಳಗಿನ ಕೆತ್ತಿದ ಕಲ್ಲು, ಎಲ್ಲಾ ಟ್ರ್ಯಾಕ್ಟರ್‌ಗೆ ಹೇರಿ, ಮುಳುಗಡೆಯವರಿಗಾಗಿ ಕಟ್ಟಿದ ನವನಗರಕ್ಕೆ ತಂದೆವು. ನಾನು ಆಗ ಕಾಲೇಜಿನಲ್ಲಿದ್ದೆ, ಬೆಳಗ್ಗೆ ತೊಲೆ ಹೊತ್ತು ಮಧ್ಯಾಹ್ನ ಕ್ಲಾಸಿಗೆ ಹೋಗುತ್ತಿದ್ದೆ. ನಮ್ಮ ಈಗಿನ ಮನೆಯ ತಲೆಬಾಗಿಲು ಆ ಮನೆಯದೇ. ಸೆಕ್ಟರ್ ಮನೆಯ ಸಿಮೆಂಟ್ ಗೋಡೆಯಲ್ಲಿ ಅದು ಕೂರುತ್ತಿರಲಿಲ್ಲ. ಗೋಡೆಯನ್ನೇ ಒಡೆದು ಅದಕ್ಕೆ ಜಾಗ ಮಾಡಿದರು ಅಪ್ಪ.

ನೀರು ಹೇಳಿ ಬರುತ್ತದೆ. ಬೆಂಕಿ ಒಂದು ರಾತ್ರಿಯಲ್ಲಿ ಬರುತ್ತದೆ. ನಮಗೆ ಬಾಗಿಲು ಕಿತ್ತು ತರಲು ಒಂದು ವರ್ಷ ಸಿಕ್ಕಿತ್ತು. ಉತ್ತರದ ಅಂಚಿನವರಿಗೆ ಒಂದು ಕುರ್ಚಿ ಎತ್ತಿ ತರಲೂ ಹೊತ್ತು ಸಿಗಲಿಲ್ಲವಲ್ಲ ಅಂತ ನನ್ನ ಹೆಂಡತಿ ಹೇಳಿದಾಗ ನಾವು ಮೂವರೂ ಸುಮ್ಮನಾದೆವು.

ಆ ರಾತ್ರಿ ಕೂತು 2019ರ ಫೋಟೋಗಳನ್ನೆಲ್ಲಾ ತೆಗೆದೆ. ಉತ್ತರದ ಅಂಚಿನವು ನೂರಾ ಹನ್ನೆರಡು ಇವೆ. ನೂರಕ್ಕೂ ಹೆಚ್ಚು ಕಣಿವೆಯವು. ಬೆಳಗಿನ ಕಣಿವೆ, ಮಧ್ಯಾಹ್ನದ ಕಣಿವೆ, ಮಗಳ ಹಿಂದೆ ಕಣಿವೆ, ಹೆಂಡತಿಯ ಹಿಂದೆ ಕಣಿವೆ. ಕಣಿವೆ ಅಲ್ಲೇ ಇದೆ, ಇನ್ನೂ ಲಕ್ಷ ವರ್ಷ ಇರುತ್ತದೆ. ನಮ್ಮನ್ನು ಕತ್ತಲೆಯೊಳಗಿಂದ ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದ ಕಟ್ಟಡಕ್ಕೆ ಬೆನ್ನು ಹಾಕಿಯೇ ಎರಡು ದಿನ ಫೋಟೋ ತೆಗೆದಿದ್ದೇನೆ. ಹಳೇ ಬಾಗಲಕೋಟೆಯ ಮನೆಯದೂ ಇದೇ ಕಥೆ. ಅದರ ಒಳಗಿನ ಒಂದೇ ಫೋಟೋ ನಮ್ಮ ಹತ್ತಿರ ಇರುವುದು, ಅತ್ತಿಯ ಮದುವೆಯದು. ಅದರಲ್ಲೂ ಅತ್ತಿಯ ಹೆಗಲ ಹಿಂದೆ ಅರ್ಧ ಕಂಬ ಕಾಣುತ್ತದೆ, ತೊಲೆ ಇಲ್ಲ, ಮಾಳಿಗೆ ಇಲ್ಲ.

ಲಾಡ್ಜ್‌ನ ಊಟದ ಮನೆಯದು ಒಂದು ಫೋಟೋ ಸಿಕ್ಕಿತು. ಎತ್ತರದ ಛಾವಣಿ, ಅದರ ಅಡ್ಡಕ್ಕೆ ದಪ್ಪ ದಪ್ಪ ದಿಮ್ಮಿಗಳ ಚೌಕಟ್ಟು, ಕೆಳಗೆ ಕಿಟಕಿಯ ಬೆಳಕು. ಮಗಳು ಕೈ ಎಳೆದಿರಬೇಕು, ಪೂರ್ತಿ ಅಲುಗಿದೆ. ಮರುದಿನ ಅಪ್ಪನಿಗೆ ತೋರಿಸಿದೆ. ಅವರು ಮೊಬೈಲನ್ನು ಹತ್ತಿರ ತಂದು, ದೂರ ಹಿಡಿದು, ಮತ್ತೆ ಹತ್ತಿರ ತಂದು ನೋಡಿದರು.

"ಈ ದಿಮ್ಮಿಗೆ ಆ ದಿಮ್ಮಿ ಹೆಂಗ ಕೂಡಿಸ್ಯಾರೋ? ಕಬ್ಬಿಣದ ಪಟ್ಟಿ ಐತೋ, ಗೂಟ ಹೊಡದಾರೋ?"

ನಾನು ಆ ಛಾವಣಿಯ ಕೆಳಗೆ ಎರಡು ಹೊತ್ತು ಊಟ ಮಾಡಿದ್ದೆ. ಕಿಟಕಿ ಕಡೆ ಮುಖ ಮಾಡಿ ಕೂತಿದ್ದೆ.

"ಪ್ರಿಂಟ್ ಹಾಕ್ಸಿಕೊಂಡು ಬಾ, ಸ್ವಲ್ಪ ದೊಡ್ಡದು" ಅಂದರು ಅಪ್ಪ. ನವನಗರದ ಸ್ಟುಡಿಯೋದಲ್ಲಿ ಹಾಕಿಸಿದೆ. ಫೋಟೋ ಅಲುಗಿದೆ, ದೊಡ್ಡದು ಮಾಡಿದರೆ ಇನ್ನೂ ಮಸುಕಾಗುತ್ತದೆ ಅಂತ ಸ್ಟುಡಿಯೋದವರು ಹೇಳಿದರು, ಇರಲಿ ಹಾಕಿ ಅಂದೆ. ಈಗ ಅದು ಅಪ್ಪನ ಹಾಸಿಗೆ ಪಕ್ಕದ ಗೋಡೆಯಲ್ಲಿದೆ. ಮೊನ್ನೆ ನೋಡಿದರೆ ಅದರ ಮೇಲೆ ಪೆನ್ಸಿಲ್‌ನಿಂದ ಗೆರೆ ಎಳೆದಿದ್ದಾರೆ, ದಿಮ್ಮಿ ದಿಮ್ಮಿ ಕೂಡುವ ಜಾಗಕ್ಕೆಲ್ಲಾ ಒಂದೊಂದು ಸಣ್ಣ ಸುತ್ತು ಹಾಕಿದ್ದಾರೆ. ಕಾಕಾನ ಮಗನಿಗೆ ಫೋನ್ ಹಚ್ಚಿ, ಅವನ ಹತ್ತಿರ ಇನ್ನೊಂದು ಫೋಟೋ ಇದೆಯಾ ಅಂತ ಕೇಳಲು ಹೇಳಿದ್ದಾರೆ.